ಕೊಕ್ಕರೆ ಪಬ್ಬಿನ ಹೆಪ್ಪು

ಹುದುಗು ವಿಜ್ಞಾನ ಓದಲು ಹೊರಟ ಮಕ್ಕಳು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು, "ಮೇಡಂ, ಈ ಫೀಲ್ಡಲ್ಲಿ ಸ್ಕೋಪ್ ಇದ್ಯಾ?" ಎಂದು. ಸ್ಕೋಪಿಗೇನು ಬರ? ಲೋಕದಲ್ಲಿ ಹಿಟ್ಟು ಉಬ್ಬುವವರೆಗೆ, ಹಾಲು ಮೊಸರಾಗುವವರೆಗೆ ನಮ್ಮ ಹೊಟ್ಟೆಪಾಡಿಗೆ ಚಿಂತೆಯಿಲ್ಲ. ಎರಡನೆಯ ಪ್ರಶ್ನೆ ಕೇಳಲು ಅವರಿಗೆ ಸಂಕೋಚ. ಸುತ್ತಿ ಬಳಸಿ ಕೊನೆಗೆ, "ಅಂದ್ರೆ ಮೇಡಂ, ನೀವೂ ಟೇಸ್ಟ್ ಮಾಡ್ತಿದ್ರಾ?" ಅನ್ನುತ್ತಾರೆ. ಮಾಡುತ್ತಿದ್ದೆ. ವೃತ್ತಿಧರ್ಮ. ಮೈಸೂರಿನಲ್ಲಿದ್ದ ನಮ್ಮ ಅತ್ತೆಯವರಿಗೆ ಮಾತ್ರ "ಸುಮಾ ಜಪಾನಲ್ಲಿ ಔಷಧಿ ಕಂಡುಹಿಡೀತಾಳೆ" ಎಂದು ಹೇಳಿತ್ತು. ಹೇಳಿದವರು ನನ್ನ ಗಂಡ, ಆದ್ದರಿಂದ ಆ ಪಾಪ ಅವರ ಖಾತೆಗೇ ಹೋಗಲಿ.

ಫುಕುವೋಕಾದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಯೀಸ್ಟ್ ಸಾಕಿಕೊಂಡು ನಾನು ನನ್ನ ಆಯುಷ್ಯ ಕಳೆದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ನಿವೃತ್ತಿಯ ದಿನ ವೇದಿಕೆಯ ಮೇಲೆ ಓದಿದರು, ಕೇಳುತ್ತಾ ನನಗೇ ಆಕಳಿಕೆ ಬಂತು. ಇಲ್ಲಿ ಅದನ್ನೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಪಠ್ಯಪುಸ್ತಕದಲ್ಲಿ ಸಿಗದ ಒಂದೆರಡು ಸಂಗತಿ ಹೇಳಿ ಸುಮ್ಮನಾಗುತ್ತೇನೆ.

ನನ್ನ ಮೇಲಿನವರು ನಕಹಾರಾ ಸೆನ್ಸೇ. ಸೆನ್ಸೇ ಅಂದರೆ ಗುರುಗಳು. ನಮ್ಮೂರ ಮೇಷ್ಟ್ರುಗಳಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಇವರಿಗೆ ಇಳಿಯುತ್ತಿತ್ತು. "ಸೋ ದೆಸು ನೆ", ಅಂದರೆ "ಹೌದಲ್ಲವೇ", ಎಂದು ಗೊಣಗಿದರೆ ಸಣ್ಣ ತಪ್ಪು. ತುಟಿ ಮಾತ್ರ ಅಲ್ಲಾಡಿ ಏನೂ ಕೇಳಿಸದಿದ್ದರೆ ಅನಾಹುತವೇ ಆಗಿದೆ ಎಂದು ತಿಳಿಯಬೇಕು. ನಾನು ಸೇರಿದ ಹೊಸತರಲ್ಲಿ ದಿನಾ ಬೆಳಿಗ್ಗೆ ಸಾಲಾಗಿ ಬಾಟಲಿ ಜೋಡಿಸಿ, ಕಣ್ಣು ಮುಚ್ಚಿಸಿ ಮೂಸಿಸುತ್ತಿದ್ದರು. "ಇದು?" "ಕಳಿತ ಬಾಳೆಹಣ್ಣು." "ಇದು?" "ಒದ್ದೆ ಕಾಲುಚೀಲ." "ಯಾರದು?" ಎಂದು ಕೇಳಿ, ತಾವೇ ನಕ್ಕುಬಿಡುತ್ತಿದ್ದರು.

ಈಗಿನವರ ಕೈಯಲ್ಲಿ ಜೀನ್ ಓದುವ ಯಂತ್ರವಿದೆ. ಒಂದು ಹನಿ ಹಾಕಿದರೆ ಒಳಗೆ ಯಾರ್ಯಾರಿದ್ದಾರೆ ಎಂದು ವಂಶಾವಳಿ ಸಮೇತ ಹೇಳುತ್ತದೆ. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಇರುವವರು ಹೊಂದಿಕೊಂಡಿದ್ದಾರೋ ಕಿತ್ತಾಡುತ್ತಿದ್ದಾರೋ ಎಂದು ತಿಳಿಯಲು ಈಗಲೂ ಮೂಗೇ ಬೇಕು. ಆದ್ದರಿಂದ ಮಕ್ಕಳೇ, ಸೆಂಟು ಹಾಕಿಕೊಂಡು ಲ್ಯಾಬಿಗೆ ಬರಬೇಡಿ.

ಮೂಗಿನ ಪಾಠ ಒಂದು ಹಂತಕ್ಕೆ ಬಂದಾಗ ಸೆನ್ಸೇ ನನಗೆ ಕದಡಿದ ಕಂದು ದ್ರವವಿದ್ದ ಸಣ್ಣ ಶೀಷೆ ಕೊಟ್ಟು, "ಇದರಲ್ಲಿ ಯಾರಿದ್ದಾರೆ ನೋಡಿ" ಎಂದರು. ನಾನು ತಟ್ಟೆಗಳಲ್ಲಿ ಬೆಳೆಸಿ ನೋಡಿದೆ. ಒಂದಲ್ಲ, ಮೂರು ಬಗೆಯ ಯೀಸ್ಟ್. ಅವುಗಳಲ್ಲಿ ಒಂದಂತೂ ಶುದ್ಧ ಕಾಡುಜಾತಿ. ನನಗೆ ಪರಮಾನಂದ. "ಮಾದರಿ ಕಲಬೆರಕೆಯಾಗಿದೆ, ಕೂಡಲೇ ನಾಶಪಡಿಸಿ ಶುದ್ಧ ತಳಿಯಿಂದ ಮತ್ತೆ ಆರಂಭಿಸತಕ್ಕದ್ದು" ಎಂದು ಠೀವಿಯಿಂದ ವರದಿ ಬರೆದೆ. ಸೆನ್ಸೇ ಓದಿ, "ಇದನ್ನ ಯಜಮಾನರಿಗೇ ಕೊಡೋಣ ಬನ್ನಿ" ಎಂದು ಆ ಸಂಜೆ ನನ್ನನ್ನು ಊರ ನಡುವಿನ ತೆಂಜಿನ್ ಪೇಟೆಯ ಹಿಂದಿನ ಗಲ್ಲಿಯೊಂದಕ್ಕೆ ಕರೆದೊಯ್ದರು.

ಬಾಗಿಲ ಮೇಲೆ ಒಂಟಿಕಾಲಿನ ಕೊಕ್ಕರೆಯ ಹಲಗೆ. ಒಳಗೆ ಕಪ್ಪಗಾದ ಮರದ ಬೆಂಚುಗಳು, ಹಿತ್ತಾಳೆಯ ಕಂಬಿ, ಗೋಡೆಗೆ ಆತು ನಿಂತು ಮಾತಾಡುವ ಜನ. ಇಂಗ್ಲೆಂಡಿನ ಹಳೇ ಪಟ್ಟಣದಿಂದ ಒಂದು ಪಬ್ಬನ್ನು ಕಿತ್ತು ತಂದು ಜಪಾನಿನ ಶಿಸ್ತಿನಲ್ಲಿ ದಿನಾ ಒರೆಸಿ ಇಟ್ಟಂತಿತ್ತು. ಯಜಮಾನ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ಹಿಂದಿನ ಕೋಣೆಯಲ್ಲಿ ತಾವೇ ಬಿಯರು ಕುದಿಸಿ, ಹುದುಗಿಸಿ, ಪೀಪಾಯಿಗೆ ತುಂಬುತ್ತಿದ್ದರು. ಮುಂದೆ ನಿಂತು ಉದ್ದನೆಯ ಹಿಡಿಯ ಕೈಪಂಪಿನಿಂದ ಎಳೆದು ಕೊಡುತ್ತಿದ್ದರು. ಅನಿಲ ತುಂಬಿಲ್ಲ, ಐಸಿನಂಥ ತಣ್ಣಗಿಲ್ಲ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಿದ್ದು ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಈ ಹಳೇ ಇಂಗ್ಲಿಷ್ ಬಗೆಯ ಬಿಯರಿಗೆ ರಿಯಲ್ ಏಲ್ ಎಂದು ಹೆಸರು. ಪೀಪಾಯಿ ಒಮ್ಮೆ ತೆರೆದರೆ ನಮ್ಮ ದೋಸೆಹಿಟ್ಟಿನ ಹಾಗೆ ಬೇಗ ಖಾಲಿ ಮಾಡಬೇಕು, ಇಲ್ಲವಾದರೆ ಹುಳಿಯುತ್ತದೆ.

ನಾನು ಎರಡೂ ಕೈಯಲ್ಲಿ ವರದಿ ಹಿಡಿದು ಬಾಗಿ ಕೊಟ್ಟೆ. ಮೊರಿತಾ ಸಾನ್ ಕನ್ನಡಕ ಏರಿಸಿ ಓದಿದರು. ಎಳೆಯ ವಯಸ್ಸಿನಲ್ಲಿ ಅವರು ಹಡಗಿನ ಅಡುಗೆಯವರಾಗಿ ಹೋಗಿ, ಇಂಗ್ಲೆಂಡಿನ ಪಬ್ಬೊಂದರಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿಂದ ಜಾಮ್ ಬಾಟಲಿಯಲ್ಲಿ ತಂದ ಯೀಸ್ಟ್ ಅದು. ಒಂದು ಸಲದ ಹುದುಗಿನಿಂದ ಮುಂದಿನದಕ್ಕೆ ಒಂದಿಷ್ಟು ಎತ್ತಿಟ್ಟು ಅಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದರು. "ಹೌದು, ಮೂವರಿದ್ದಾರೆ" ಎಂದರು. "ಸುಮಾ ಸಾನ್, ಇವರಲ್ಲಿ ಯಾರನ್ನು ಮನೆಯಿಂದ ಓಡಿಸಲಿ, ನೀವೇ ಹೇಳಿ."

ಪಕ್ಕದಲ್ಲಿ ಸೆನ್ಸೇ ಗ್ಲಾಸಿನೊಳಗೆ ಮುಖ ಹುದುಗಿಸಿ ಭುಜ ಕುಣಿಸುತ್ತಿದ್ದರು. ನನಗೆ ಅವಮಾನದಲ್ಲಿ ಕಿವಿ ಬಿಸಿಯಾಯಿತು. ಆಮೇಲೆ ರುಚಿ ನೋಡಿದೆ. ಮೊದಲು ಬ್ರೆಡ್ಡಿನ ಕಂದು ಅಂಚು, ಆಮೇಲೆ ಯಾವುದೋ ಹಣ್ಣು, ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಈ ರುಚಿ ಬರುವುದಿಲ್ಲ ಎಂದು ಮೂಗಿಗೇ ತಿಳಿಯಿತು. ಆ ವರದಿಯನ್ನು ಮೊರಿತಾ ಸಾನ್ ಚೌಕಟ್ಟು ಹಾಕಿಸಿ ಶೌಚಾಲಯದಲ್ಲಿ ನೇತುಹಾಕಿದರು. ಅದು ಅಲ್ಲಿ ಬಹಳ ಕಾಲ ಇತ್ತು.

ಅಂದಿನಿಂದ ಶುಕ್ರವಾರದ ಲ್ಯಾಬ್ ಮೀಟಿಂಗು ಕೊಕ್ಕರೆಯಲ್ಲೇ ಆಗತೊಡಗಿತು. ನಾನು ಅರ್ಧ ಗ್ಲಾಸು, ಸೆನ್ಸೇ ಲೆಕ್ಕಕ್ಕೆ ಸಿಗದಷ್ಟು.

ನನ್ನ ನಿವೃತ್ತಿಗೆ ಇನ್ನೇನು ಸ್ವಲ್ಪ ದಿನವಿದೆ ಅನ್ನುವಾಗ ಕೊರೋನಾ ಬಂತು. ಒಂದು ತುರ್ತು ಘೋಷಣೆ ಮುಗಿಯುವಷ್ಟರಲ್ಲಿ ಇನ್ನೊಂದು. ಒಮ್ಮೆ ಬೇಗ ಬಾಗಿಲು ಹಾಕಿ ಅಂದರು, ಆಮೇಲೆ ಮದ್ಯವನ್ನೇ ಕೊಡಬೇಡಿ ಅಂದರು. ಪೀಪಾಯಿಯಲ್ಲಿದ್ದದ್ದನ್ನು ಮೊರಿತಾ ಸಾನ್ ಮೋರಿಗೆ ಸುರಿದರು. ಮದ್ಯವಿಲ್ಲದ ಪಬ್ಬಿಗೆ ಬಂದು ನಿಂಬೆ ಪಾನಕ ಕುಡಿಯುವವರು ಯಾರು? ನಾನು, ಎಂದೋ ನಿವೃತ್ತರಾದರೂ ಲ್ಯಾಬಿನ ಚಟ ಬಿಡದ ಸೆನ್ಸೇ, ಇಬ್ಬರೇ.

ಹಾಗೆ ಪಾನಕ ಕುಡಿಯುತ್ತಿದ್ದ ಒಂದು ಮಧ್ಯಾಹ್ನ ಮೊರಿತಾ ಸಾನ್ ಬಾಟಲಿಯೊಂದನ್ನು ತಂದು ನಮ್ಮ ಮುಂದಿಟ್ಟರು. "ಕುದಿಸದೆ ಕೂತರೆ ಇವರಿಗೆ ಊಟವಿಲ್ಲ. ನನ್ನ ಕೈಯಲ್ಲಿ ಸಾಯ್ತಾರೆ. ನಿಮ್ಮಲ್ಲಿ ಇಟ್ಟುಕೊಳ್ಳಿ."

"ಆಳವಾದ ಫ್ರೀಜರಿದೆ, ಎಷ್ಟು ವರ್ಷ ಬೇಕಾದರೂ ಇಡಬಹುದು" ಎಂದೆ.

"ಬೇಡ. ಫ್ರೀಜರಿನಿಂದ ಎದ್ದಾಗ ಮೂವರೂ ಅದೇ ಪಾಲಿನಲ್ಲಿ ಏಳ್ತಾರಾ?"

ಏಳುವುದಿಲ್ಲ. ತಣ್ಣಗಾದಾಗ ಒಬ್ಬರು ಹೆಚ್ಚು ಸಾಯುತ್ತಾರೆ, ಒಬ್ಬರು ಕಡಿಮೆ. ಮೂರು ಬಗೆಯವರನ್ನು ಹಾಗೇ ಉಳಿಸಬೇಕಾದರೆ ಉಣ್ಣಿಸುತ್ತಾ ಸಾಕುವುದೊಂದೇ ದಾರಿ. ಮೊರಿತಾ ಸಾನ್ ಮೇಜು ಒರೆಸುತ್ತಾ ಹೇಳಿದರು: "ಇವರು ಹೋದರೆ ನಾನು ಶಟರ್ ಎಳೀತೀನಿ. ಅಂಗಡಿಯ ಯೀಸ್ಟ್ ಪೊಟ್ಟಣ ತಂದು ಹಾಕಿ ಇದು ಕೊಕ್ಕರೆಯ ಏಲ್ ಅಂತ ಕೊಡೋದು ನನ್ನಿಂದಾಗಲ್ಲ." ಅವರು ತಮಾಷೆಯ ಮನುಷ್ಯ. ಅವತ್ತು ತಮಾಷೆ ಮಾಡುತ್ತಿರಲಿಲ್ಲ.

ಆಗ ನನಗೆ ಹೊಳೆದದ್ದು ವಿಜ್ಞಾನವಲ್ಲ, ಮೊಸರು. ಮನೆಯಲ್ಲಿ ಮೊಸರು ಕೆಟ್ಟರೆ ನಾವೇನು ಮಾಡುತ್ತೇವೆ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುತ್ತೇವೆ. ಫುಕುವೋಕಾದ ಕನ್ನಡದ ಮನೆಗಳ ಮೊಸರೆಲ್ಲ ಹೀಗೇ ಒಂದೇ ಬಟ್ಟಲಿನಿಂದ ಹುಟ್ಟಿದ್ದು. ಆದ್ದರಿಂದ ಯೀಸ್ಟನ್ನೂ ಮೂರು ಪಾಲು ಮಾಡಿದೆ. ಒಂದು ನನಗೆ, ಒಂದು ಸೆನ್ಸೇಗೆ, ಇನ್ನೊಂದು ನಮ್ಮ ಕೆಳಗಿನ ಮಹಡಿಯ ದೀಪಾಗೆ. ದೀಪಾ ಬೆಂಗಳೂರಿನ ಹುಡುಗಿ, ಇಲ್ಲಿನ ಒಂದು ಸ್ಟಾರ್ಟಪ್ಪಿನಲ್ಲಿ ಸಾಫ್ಟ್‌ವೇರ್ ಕೆಲಸ. "ವಾರಕ್ಕೊಂದ್ಸಲ ಈ ಬಾರ್ಲಿ ಮಾಲ್ಟ್ ಪುಡೀನ ತೆಳ್ಳಗೆ ನೀರಲ್ಲಿ ಕದಡಿ, ಕುದಿಸಿ ಆರಿಸಿ ಹಾಕು, ಸ್ವಲ್ಪ ಹಳೇದನ್ನ ಚೆಲ್ಲು" ಎಂದು ಹೇಳಿಕೊಟ್ಟೆ. "ಓಕೆ ಆಂಟಿ, ಡನ್" ಅಂದಳು. ಜಪಾನಿನಲ್ಲಿ ಮನೆಯಲ್ಲಿ ಮದ್ಯ ಮಾಡುವುದು ಕಾನೂನಿಗೆ ವಿರುದ್ಧ, ಅದಕ್ಕೇ ಅಷ್ಟು ತೆಳ್ಳಗೆ. ನಾವು ಮಾಡುತ್ತಿರಲಿಲ್ಲ, ಸಾಕುತ್ತಿದ್ದೆವು ಅಷ್ಟೇ.

ಮೊದಲು ಹೋದದ್ದು ಸೆನ್ಸೇಯವರ ಪಾಲು. ಮನೆಯಲ್ಲಿ ಇಡುವುದು ಅವೈಜ್ಞಾನಿಕ ಎಂದು ಅವರು ಬಿಕೋ ಎನ್ನುವ ಲ್ಯಾಬಿನ ತಂಪುಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕ್ಯಾಂಪಸ್ಸಿನಲ್ಲಿ ವಿದ್ಯುತ್ ತಪಾಸಣೆಗೆಂದು ಕರೆಂಟು ತೆಗೆದಾಗ ಪೆಟ್ಟಿಗೆ ಆರಿತು. ಮತ್ತೆ ಹಚ್ಚಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಬೇಸಿಗೆಯ ಸೆಕೆಯಲ್ಲಿ ಎಲ್ಲ ಕೊಳೆತುಹೋಯಿತು. ಸೆನ್ಸೇ ಫೋನಿನಲ್ಲಿ ಹೇಳಿದ್ದು ಒಂದಕ್ಷರವೂ ಕೇಳಿಸಲಿಲ್ಲ, ಅದರಿಂದಲೇ ಸಂಗತಿ ತಿಳಿಯಿತು.

ನನ್ನ ಪಾಲನ್ನು ಕೊಂದವರು ನನ್ನ ಯಜಮಾನರು. ಆಗ ಅವರಿಗೆ ತೊಳೆಯುವ ಹುಚ್ಚು. ಕೊಂಬಿನಿಯಿಂದ, ಅಂದರೆ ಬೀದಿಮೂಲೆಯ ಅಂಗಡಿಯಿಂದ, ತಂದ ಬಿಸ್ಕತ್ ಪೊಟ್ಟಣಕ್ಕೂ ಸೋಪಿನ ಸ್ನಾನ. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಬಾಟಲಿ ಫಳಫಳ ಹೊಳೆಯುತ್ತಾ ಕವುಚಿ ಕೂತಿದೆ.

"ರೀ, ಇದರಲ್ಲಿದ್ದದ್ದು?"

"ಯಾವುದೋ ಹಳೇ ಹಿಟ್ಟು ಕಣೇ, ನೊರೆ ಬಂದು ವಾಸನೆ ಹೊಡೀತಿತ್ತು. ಬಿಸಿನೀರು ಹಾಕಿ ಉಜ್ಜಿದೆ. ಥ್ಯಾಂಕ್ಸ್ ಹೇಳೋದು ಬಿಟ್ಟು..."

ನಾನು ಥ್ಯಾಂಕ್ಸ್ ಹೇಳಲಿಲ್ಲ. ಏನು ಹೇಳಿದೆ ಎಂಬುದು ಅಚ್ಚಿಗೆ ಯೋಗ್ಯವಲ್ಲ.

ಅದೇ ಹೊತ್ತಿಗೆ ಸರಿಯಾಗಿ ಮೊರಿತಾ ಸಾನ್ ಫೋನ್ ಮಾಡಿದರು. ಸಂಜೆಯವರೆಗೆ ಮದ್ಯ ಕೊಡಲು ಅನುಮತಿ ಬಂದಿದೆ, ಕುದಿಸಬೇಕು. "ಮೂವರೂ ಹೇಗಿದ್ದಾರೆ?" ಎಂದು ನೆಂಟರ ಮನೆಯಲ್ಲಿ ಬಿಟ್ಟ ಮಕ್ಕಳನ್ನು ವಿಚಾರಿಸುವಂತೆ ಕೇಳಿದರು. "ಚೆನ್ನಾಗಿದ್ದಾರೆ" ಎಂದುಬಿಟ್ಟೆ. ಫೋನಿಟ್ಟವಳೇ ಮಾಸ್ಕು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ದೀಪಾಳ ಮನೆಗೆ ಓಡಿದೆ.

"ಅದಾ ಆಂಟಿ?" ದೀಪಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ನಂಗೆ ಟೈಮೇ ಆಗ್ಲಿಲ್ಲ, ಸಾರಿ. ಅದು ಈಗ ನಮ್ಮತ್ತೆ ಡಿಪಾರ್ಟ್‌ಮೆಂಟು."

ಅತ್ತೆ ರಂಗಮ್ಮನವರು ನಂಜನಗೂಡಿನವರು. ಮಗ ಸೊಸೆಯನ್ನು ನೋಡಿ ಹೋಗಲು ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಹೊರಗೆ ಹೋಗುವಂತಿಲ್ಲ, ಭಾಷೆ ಬಾರದು, ಟೀವಿಯಲ್ಲಿ ಸುಮೋ ಕುಸ್ತಿ ನೋಡಿ ನೋಡಿ ಸಾಕಾಗಿತ್ತು. ಅವರು ಒಳಗಿನಿಂದ ಒಂದು ದೊಡ್ಡ ಗಾಜಿನ ಭರಣಿಯನ್ನು ಮಗುವಿನಂತೆ ಎದೆಗವುಚಿಕೊಂಡು ಬಂದರು. ಭರಣಿಗೆ ಕೈಯಿಲ್ಲದ ಉಲ್ಲನ್ ಸ್ವೆಟರು. ಮುಚ್ಚಳ ತೆಗೆದರೆ ಬುಸ್ಸೆಂದು ನೊರೆ. ನಾನು ಮೂಸಿದೆ. ಇದ್ದಾರೆ! ಮೂವರೂ ಇದ್ದಾರೆ! ಖುಷಿಯಲ್ಲಿ ಕುಣಿಯುವಂತಾಯಿತು. ಆದರೆ ಹಿಂದೆ ಇನ್ನೊಂದು ಪರಿಚಿತ ವಾಸನೆ.

"ರಂಗಮ್ಮನೋರೇ, ಏನೇನು ಹಾಕಿದ್ರಿ?"

"ನೀ ಕೊಟ್ಟ ಪುಡಿ ಮುಗೀತಮ್ಮ. ನಾ ಊರಿಂದ ತಂದಿದ್ದ ರಾಗಿ ಮಾಲ್ಟ್ ಇತ್ತಲ್ಲ, ಅಂಬಲಿ ಕಾಸಿ ಆರಿಸಿ ಹಾಕ್ದೆ. ಏನು ಚೆನ್ನಾಗಿ ತಿಂತು ಅಂತೀಯಾ! ಇವರ ಏಸಿ ಚಳೀಲಿ ಮಾತ್ರ ಒಂದ್ಸಲ ಸಪ್ಪಗಾಗ್ಬಿಡ್ತು. ಉಬ್ಬಲೇ ಇಲ್ಲ. ಜೊತೆಗಿರ್ಲಿ ಅಂತ ಒಂದು ಸೌಟು ಇಡ್ಲಿ ಹಿಟ್ಟು ಬೆರೆಸ್ದೆ. ಮಾರನೇ ದಿನವೇ ಎದ್ದು ಕೂತ್ಕೊಂತು."

ಹುಳಿ ಬರದ ಹಿಟ್ಟಿಗೆ ಹುಳಿ ಬಂದ ಹಿಟ್ಟು ಬೆರೆಸುವುದು ನಮ್ಮ ಎಲ್ಲ ಅಡುಗೆಮನೆಗಳ ಪದ್ಧತಿ. ನನ್ನಮ್ಮನೂ ಹಾಗೇ ಮಾಡುತ್ತಿದ್ದಳು. ಇಂಗ್ಲೆಂಡಿನ ಏಲ್‌ಗೆ ಅದನ್ನು ಮಾಡಿದವರು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

"ಬ್ರೆಡ್ ಮಾಡೋ ಹೆಪ್ಪು ಅಂದ್ಲು ದೀಪಾ" ಎಂದರು ರಂಗಮ್ಮ, ನನ್ನ ಮುಖ ನೋಡಿ. "ಬ್ರೆಡ್ಡಿಗೆ ಹುಳಿ ಆದ್ರೆ ಏನಾಯ್ತೀಗ?"

ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಪಬ್ಬು, ಬಿಯರು, ಮೊರಿತಾ ಸಾನ್, ಎಲ್ಲ ಹೇಳಿದೆ. ದೀಪಾ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಲ್ಲಗೆ ಒಳಕೋಣೆಗೆ ಜಾರಿದಳು.

"ಅಯ್ಯೋ ನಿನ್ನ! ಹೆಂಡದಂಗಡಿ ಹೆಪ್ಪಾ? ದೇವರ ಗೂಡಿನ ಕೆಳಗೆ ಇಟ್ಟಿದ್ದೀನಲ್ಲೇ! ಬೆಳಿಗ್ಗೆ ಎದ್ದು ಅದರ ಮುಖ ನೋಡಿದ್ದೀನಲ್ಲೇ! ಸ್ವೆಟರ್ ಬೇರೆ ಹೆಣೆದಿದ್ದೀನಿ!" ರಂಗಮ್ಮ ಭರಣಿಯನ್ನು ಟೇಬಲ್ ಮೇಲೆ ಕುಕ್ಕಿದರು. ಕುಕ್ಕಿದ ಮೇಲೆ ಒಡೆಯಿತೇ ಎಂದು ತಾವೇ ಬಗ್ಗಿ ನೋಡಿದರು. ಜಾರಿದ ಸ್ವೆಟರನ್ನು ಸರಿಮಾಡಿದರು. ಆಮೇಲೆ ಕೇಳಿದರು, "ಇದು ಸಿಗದಿದ್ರೆ ಆ ಮನುಷ್ಯ ಏನ್ಮಾಡ್ತಾನೆ?"

"ಅಂಗಡಿ ಮುಚ್ತಾರೆ."

"ವಯಸ್ಸೆಷ್ಟು?"

"ನಿಮ್ಮಷ್ಟೇ ಇರಬಹುದು."

"ಈ ವಯಸ್ಸಲ್ಲಿ ಮನೇಲಿ ಸುಮ್ನೆ ಕೂತ್ಕೊಳ್ಳೋದು ಅಂದ್ರೆ ಏನು ಅಂತ ನಂಗೊತ್ತು" ಎಂದರು ರಂಗಮ್ಮ. "ತಗೊಂಡ್ ಹೋಗು. ಆದ್ರೆ ಮುಂದೇನಾಯ್ತು ಅಂತ ನಾನು ಕಣ್ಣಾರೆ ನೋಡ್ಬೇಕು."

ಲ್ಯಾಬಿಗೆ ಒಯ್ದು ತಟ್ಟೆಗಳಲ್ಲಿ ಬೆಳೆಸಿದೆ. ಮೂರು ಯೀಸ್ಟೂ ಗಟ್ಟಿಮುಟ್ಟು. ಜೊತೆಗೆ ಇಡ್ಲಿ ಹಿಟ್ಟಿನ ಹುಳಿ ಬ್ಯಾಕ್ಟೀರಿಯಾ ಬೀಡುಬಿಟ್ಟಿದ್ದವು. ಮೂವರನ್ನು ಬೇರ್ಪಡಿಸಿ ಮತ್ತೆ ಕೂಡಿಸಬಹುದಿತ್ತು. ಆದರೆ ಯಾರ ಪಾಲು ಎಷ್ಟು ಎಂದು ಯಾರಿಗೆ ಗೊತ್ತು? ಸೆನ್ಸೇ ತುಟಿ ಅಲ್ಲಾಡಿಸಿದರು, ಏನೂ ಕೇಳಿಸಲಿಲ್ಲ. ನಾನೇ ಹೋಗಿ ಮೊರಿತಾ ಸಾನ್‌ಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಸ್ವೆಟರಿನ ಸಮೇತ ಭರಣಿಯನ್ನು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು. "ಒಂದು ಸಲ ಕುದಿಸ್ತೀನಿ. ಅದರ ರುಚಿ ನೋಡಿ ನಿರ್ಧಾರ ಮಾಡ್ತೀನಿ" ಎಂದು ಒಳಗಿನಿಂದ ಹೇಳಿದರು.

ಏಲ್ ಪೀಪಾಯಿಯಲ್ಲಿ ತಿಳಿಯಾಗುವವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕರೆ ಬಂದ ದಿನ ಮಧ್ಯಾಹ್ನವೇ ರಂಗಮ್ಮನವರನ್ನು ಹೊರಡಿಸಿದೆ. ಇಳಕಲ್ ಸೀರೆ, ಮಗನ ಸ್ಪೋರ್ಟ್ಸ್ ಶೂ, ಎರಡು ಮಾಸ್ಕು. ಕೊಕ್ಕರೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, "ನಂಜುಂಡಾ, ಕಣ್ಣು ಮುಚ್ಕೋಪ್ಪ" ಎಂದು ಬಲಗಾಲಿಟ್ಟು ಒಳಗೆ ಬಂದರು.

ಬೆಂಚುಗಳ ನಡುವೆ ಪ್ಲಾಸ್ಟಿಕ್ ಪರದೆ, ಎಲ್ಲೆಲ್ಲೂ ಸ್ಯಾನಿಟೈಸರ್ ವಾಸನೆ. ಸೆನ್ಸೇ ಮೂಲೆಯಲ್ಲಿ ಕೂತಿದ್ದರು. ಮೊರಿತಾ ಸಾನ್ ಸೊಂಟದಿಂದ ಬಾಗಿ ನಮಸ್ಕರಿಸಿದರು. ಅವರು ಏಳುವುದರೊಳಗೆ ರಂಗಮ್ಮನೂ ಬಾಗಿದರು. ಒಬ್ಬರು ಎದ್ದರೆ ಇನ್ನೊಬ್ಬರು ಬಾಗುತ್ತಿದ್ದರು. ಕೊನೆಗೆ ನಾನೇ "ಸಾಕು, ಸೊಂಟ ಹಿಡ್ಕೊಳುತ್ತೆ" ಎಂದು ಬಿಡಿಸಬೇಕಾಯಿತು.

ಮೊರಿತಾ ಸಾನ್ ಪಂಪಿನ ಹಿಡಿ ಎಳೆದರು. ಕಂದು ಏಲ್ ನಿಧಾನವಾಗಿ ಗ್ಲಾಸು ತುಂಬಿತು. ಮಾಸ್ಕು ಇಳಿಸಿ ಮೂಸಿ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಹಾಗೇ ನಿಂತರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

"ಹುಳಿ ಇದೆ" ಎಂದರು.

"ಏನಂದ?" ರಂಗಮ್ಮ ನನ್ನ ತೋಳು ಹಿಡಿದರು. "ಕೆಟ್ಟಿದೆ ಅಂದನಾ?"

ನಾನು ಅನುವಾದ ಮಾಡಲಿಲ್ಲ. "ಸುಮಿಮಾಸೆನ್, ಮೊರಿತಾ ಸಾನ್" ಎಂದೆ. ಕ್ಷಮೆ ಕೇಳಲು ಜಪಾನೀ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಮಾತುಗಳಿವೆ, ಒಂದೂ ಬಾಯಿಗೆ ಬರಲಿಲ್ಲ.

ಮೊರಿತಾ ಸಾನ್ ಇನ್ನೊಂದು ಗುಟುಕು ಕುಡಿದರು. ಮತ್ತೊಂದು. "ನಾನು ಇಂಗ್ಲೆಂಡಿಂದ ವಾಪಸ್ ಬಂದಾಗ" ಎಂದು ಗ್ಲಾಸಿಗೇ ಹೇಳುವಂತೆ ಶುರುಮಾಡಿದರು, "ಅಮ್ಮನಿಗೆ ಮಿಸೋ ಸೂಪ್ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, 'ಇದು ನನ್ನ ಮಗನ ಕೈ ಅಲ್ಲ' ಅಂದಳು. ಇಡೀ ಬಟ್ಟಲು ಕುಡಿದು, ಇನ್ನೊಂದು ಬಟ್ಟಲು ಹಾಕು ಅಂದಳು. ಪರವೂರಲ್ಲಿ ಬದುಕಿ ಬಂದವರು ಹೋದ ಹಾಗೇ ಬರೋದಿಲ್ಲ, ಸುಮಾ ಸಾನ್. ಬಂದರಲ್ಲ, ಅದೇ ಸಾಕು." ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡರು. "ಇದು ನಮ್ಮ ಏಲೇ. ಇವರ ಮನೆಯಲ್ಲಿದ್ದು ಬಂದಿದೆ, ಅಷ್ಟೇ."

ಸೆನ್ಸೇ ಮೂಲೆಯಿಂದ, ನಾನು ಅವರ ಬಾಯಲ್ಲಿ ಎಂದೂ ಕೇಳಿರದಷ್ಟು ದೊಡ್ಡ ದನಿಯಲ್ಲಿ, "ನನಗೂ ಒಂದು!" ಎಂದು ಕೂಗಿದರು.

ನಾನು ಅಷ್ಟನ್ನೂ ರಂಗಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿನಿಂದ ಮೂಗೊರೆಸಿಕೊಂಡರು. ಅಷ್ಟರಲ್ಲಿ ಮೊರಿತಾ ಸಾನ್ ಅವರನ್ನು ಕಟ್ಟೆಯ ಹಿಂದಕ್ಕೆ ಕರೆದು ಪಂಪಿನ ಹಿಡಿ ತೋರಿಸಿದರು, ಸೆನ್ಸೇಯವರ ಗ್ಲಾಸು ನೀವೇ ಎಳೆಯಿರಿ ಎಂದು. ಇಲ್ಲ ಅನ್ನುತ್ತಾರೆ ಎಂದುಕೊಂಡೆ. ರಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿ ಹಿಡಿದು, ಬೀದಿಯ ಬೋರ್ ಪಂಪು ಹೊಡೆಯುವಂತೆ ರಪರಪ ಹೊಡೆದರು. ಗ್ಲಾಸು ತುಂಬಿ, ಉಕ್ಕಿ, ಮೊರಿತಾ ಸಾನ್ ಶರ್ಟೆಲ್ಲ ತೊಯ್ದಿತು.

"ಕೇಳು ಅವನನ್ನ" ಎಂದರು ರಂಗಮ್ಮ ಏದುಸಿರು ಬಿಡುತ್ತಾ. "ಅಂಗಡಿ ಮುಚ್ಚಲ್ಲ ತಾನೆ?"

ಕೇಳಿದೆ. ಮೊರಿತಾ ಸಾನ್ ತೊಯ್ದ ಶರ್ಟಿನಲ್ಲೇ ನಗುತ್ತಾ ತಲೆ ಅಲ್ಲಾಡಿಸಿದರು.

"ಮುಚ್ಚಲ್ವಂತೆ."

"ಹಾಗಾದ್ರೆ ಇನ್ನೊಂದು ಲೋಟ ಹಿಡಿಯೋಕೆ ಹೇಳು" ಎಂದರು ರಂಗಮ್ಮ.